ಮಾವನ ಐದು ನಿಮಿಷದ ಕೆಲಸ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನಲ್ಲಿ ಐದು ನಿಮಿಷದ ಕೆಲಸವನ್ನು ಹನ್ನೊಂದು ತಿಂಗಳು ಎಳೆಯಬಲ್ಲವರು ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ. ಬಾಯಿಗೆ ಬಂದದ್ದು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇನ್ನೊಬ್ಬರು ನಿಮಗೆ ಗೊತ್ತಿದ್ದರೆ ನರಸಿಂಹರಾಜಪುರ ಪೇಟೆಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಬನ್ನಿ, ಅವರಿಗೆ ಜೀವಮಾನವಿಡೀ ಆಧಾರ್ ಕಾರ್ಡಿನ ಎರಡೂ ಬದಿ ಪುಕ್ಕಟೆ ತೆಗೆದುಕೊಡುತ್ತೇನೆ. ಸರ್ಕಾರಿ ಕಚೇರಿಯವರಿಗೆ ಮಾತ್ರ ಈ ಸ್ಪರ್ಧೆಗೆ ಪ್ರವೇಶವಿಲ್ಲ.

ಮಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಮೂವತ್ತು ವರ್ಷ ಹಸು, ಎಮ್ಮೆ, ಆಡುಗಳಿಗೆ ಸೂಜಿ ಚುಚ್ಚಿದರು. ದನಗಳಿಗೆ ದೂರು ಕೊಡಲು ಬರುವುದಿಲ್ಲವಾದ್ದರಿಂದ ಒಳ್ಳೆಯ ಹೆಸರಿನಲ್ಲೇ ನಿವೃತ್ತರಾದರು. ಅವತ್ತಿನಿಂದ ತಾಲ್ಲೂಕಿನ ಜಾನುವಾರುಗಳು ನೆಮ್ಮದಿಯಾಗಿವೆ. ಕಡಹಿನಬೈಲಿನ ಅವರ ಮನೆಯ ಸಾಮಾನುಗಳಿಗೆ ಕಷ್ಟ ಶುರುವಾಗಿದೆ. ಸಣ್ಣ ವಯಸ್ಸಿನಿಂದಲೂ ಕಂಡದ್ದನ್ನೆಲ್ಲ ಬಿಚ್ಚುವ ಚಟ ಅವರಿಗೆ. ಮೊದಲು ರಜಾದಿನಕ್ಕೆ ಮಾತ್ರ ಇತ್ತು, ಈಗ ಏಳೂ ದಿನ. ಮಿಕ್ಸಿ ಬಿಚ್ಚಿದರು. ಗೋಡೆ ಗಡಿಯಾರ ಬಿಚ್ಚಿದರು. ಸರಿಯಾಗಿಯೇ ಇದ್ದ ಒಂದು ಛತ್ರಿಯನ್ನು, ಅದು ಯಾಕೆ ಸರಿಯಾಗಿದೆ ಎಂದು ನೋಡುವುದಕ್ಕೆ ಬಿಚ್ಚಿದರು. ಜೋಡಿಸುವಾಗ ಮಾತ್ರ ಪ್ರತಿ ಸಲವೂ ನಾಲ್ಕೈದು ಸ್ಕ್ರೂ ಉಳಿದುಬಿಡುತ್ತವೆ. ಅವನ್ನೆಲ್ಲ ಅತ್ತೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಾರೆ. ಡಬ್ಬಿ ಈಗ ತುಂಬಿದೆ.

"ಇಷ್ಟು ಸ್ಕ್ರೂ ಇಲ್ದೆನೂ ಎಲ್ಲ ನಡೀತಿದೆ ಅಂದ್ರೆ, ಕಂಪನಿಯವ್ರು ಸುಮ್ನೆ ಹಾಕಿದಾರೆ ಅಂತ ಆಯ್ತಲ್ಲ" ಎನ್ನುತ್ತಾರೆ ಮಾವ.

ಎಲ್ಲಿ ನಡೆಯುತ್ತಿದೆ ಸ್ವಾಮಿ? ಆ ಗಡಿಯಾರ ನಾಲ್ಕೂಕಾಲಿಗೆ ನಿಂತದ್ದು ಇನ್ನೂ ಅಲ್ಲೇ ನಿಂತಿದೆ.

ಇಂಥವರ ಕೈಗೆ ನಾನು ನನ್ನ ಸೈಕಲ್ ಕೊಟ್ಟೆ. ಕೊಟ್ಟೆ ಅನ್ನುವುದಕ್ಕಿಂತ ಅವರು ಕಿತ್ತುಕೊಂಡರು ಅನ್ನಬೇಕು.

ಸೈಕಲ್ಲಿನ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ನನಗೆ ಚಿಕ್ಕಂದಿನಿಂದ ಸೈಕಲ್ ಎಂದರೆ ಪ್ರಾಣ. ಗೆಳತಿಯರ ಸೈಕಲ್ಲಿನಲ್ಲಿ ಕದ್ದು ಕಲಿತೂ ಇದ್ದೆ. ಆದರೆ ನನ್ನದು ಅಂತ ಒಂದು ಸೈಕಲ್ ಬರುವಾಗ ನನಗೆ ನಲವತ್ತಾರು ವರ್ಷವಾಗಿತ್ತು. ಅದಕ್ಕೆ ಅಡ್ಡ ನಿಂತವರು ಯಾರು? ಇದೇ ಮಾವ. ಹೈಸ್ಕೂಲಿಗೆ ಸೇರಿದಾಗ ಅಪ್ಪ ಸೈಕಲ್ ಕೊಡಿಸುತ್ತೇನೆ ಎಂದರು. ಮಾರನೆಯ ದಿನವೇ ಮಾವ ಬಂದು "ಬಸ್ಸಿದೆಯಲ್ಲ ಭಾವ" ಎಂದು ತಪ್ಪಿಸಿದರು. ಕಾಲೇಜಿಗೆ ಸೇರಿದಾಗ ಮತ್ತೆ ಬಂದು ತಪ್ಪಿಸಿದರು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಒಂದು ಲೇಡೀಸ್ ಸೈಕಲ್ ನೋಡಿ ಬಂದರೆ, ಮಾವ ಹೊಲಿಗೆ ಮೆಷಿನ್ ತಂದುಕೊಟ್ಟು ನಮ್ಮಿಬ್ಬರ ಬಾಯಿ ಮುಚ್ಚಿಸಿದರು. ಕಾರಣ ಕೇಳಿದರೆ ಪ್ರತಿ ಸಲವೂ ಒಂದೇ ಪಾಠ: "ಮರದಿಂದ ಬಿದ್ದೋಳು ಸೈಕಲ್ಲಿಂದ ಬೀಳ್ದೆ ಇರ್ತಾಳಾ?"

ಮರದ ವಿಷಯ ನಮ್ಮ ಬಳಗಕ್ಕೆಲ್ಲ ಗೊತ್ತು. ನನ್ನ ಗದ್ದದ ಮೇಲೆ ಹೊಲಿಗೆಯ ಗುರುತೊಂದಿದೆ. ಏಳು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ಕಡಹಿನಬೈಲಿನ ಅಜ್ಜನ ಮನೆಗೆ ಹೋಗಿದ್ದೆ, ಬಾವಿ ಹಿಂದಿನ ಪೇರಲೆ ಮರ ಹತ್ತಿ ಬಿದ್ದೆ, ಮೊಮ್ಮಗಳ ರಕ್ತ ನೋಡಿದ ಅಜ್ಜ ಸಿಟ್ಟಿನಲ್ಲಿ ಆ ಮರವನ್ನೇ ಕಡಿಸಿ ಹಾಕಿದರು. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ನನ್ನ ಗದ್ದ ನೋಡಿದರೆ "ಪೇರಲೆ ಮರ ಅಲ್ವನೇ?" ಎಂದು ಕೇಳಿಯೇ ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ.

ಹೋದ ವರ್ಷ ಡಾಕ್ಟರು ನನ್ನ ಮಂಡಿ ಒತ್ತಿ ನೋಡಿ, "ನಡೆದು ಸವೆಸಬೇಡಿ, ಸೈಕಲ್ ತುಳೀರಿ" ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು, ಮಂಡಿ ಬಗ್ಗುತ್ತಿರಲಿಲ್ಲ ಅಷ್ಟೆ. ಶೃಂಗೇರಿ ಕಡೆ ಒಂದು ಹೋಂಸ್ಟೇ ಮುಚ್ಚುತ್ತಿದೆ, ಪ್ರವಾಸಿಗರಿಗೆ ಇಟ್ಟಿದ್ದ ಸೈಕಲ್ ಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಮಾವನಿಗೆ ಸುಳಿವು ಸಿಗುವುದರೊಳಗೆ ಹೋಗಿ ತಂದುಬಿಟ್ಟೆ. ದಪ್ಪ ಟೈರಿನ ಗುಡ್ಡಗಾಡಿನ ಸೈಕಲ್. ಗೇರ್ ಇದೆ, ಮುಂದೆ ಸ್ಪ್ರಿಂಗ್ ಇದೆ, ಮತ್ತು ಈ ಕಥೆಯ ಎಲ್ಲ ಅನಾಹುತಕ್ಕೆ ಕಾರಣವಾದ ಎಣ್ಣೆಯ ಬ್ರೇಕ್ ಇದೆ.

ಒಂಬತ್ತು ದಿನ ಓಡಿಸಿದೆ. ಶೆಟ್ಟಿಕೊಪ್ಪದ ನಮ್ಮ ಮನೆಯಿಂದ ಪೇಟೆಯ ಅಂಗಡಿಗೆ ಹೋಗುವಾಗ ಇಳಿಜಾರಿನಲ್ಲಿ ಪೆಡಲ್ ಬಿಟ್ಟರೆ ಸೆರಗು ಪಟಪಟ ಅನ್ನುವುದು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುವರು. ನೋಡಲಿ! ಇದನ್ನು ಹದಿಮೂರನೆಯ ವಯಸ್ಸಿಗೇ ಮಾಡಬೇಕಿತ್ತು ನಾನು.

ಹತ್ತನೆಯ ದಿನ ಭಾನುವಾರ. ಬುದ್ಧಿ ಎಲ್ಲಿ ಹೋಗಿತ್ತೋ, ಮಾವನ ಹೊಟ್ಟೆ ಉರಿಸಬೇಕು ಎಂದು ಸೈಕಲ್ಲಿನಲ್ಲೇ ಕಡಹಿನಬೈಲಿಗೆ ಹೋದೆ. ಮಾವ ಜಗಲಿಯಿಂದ ಇಳಿದು ಬಂದು, ಸಂತೆಯಲ್ಲಿ ಎಮ್ಮೆಕರು ನೋಡುವ ಹಾಗೆ ಒಂದು ಸುತ್ತು ಬಂದರು. ಟೈರ್ ಒತ್ತಿದರು. ಸೀಟಿಗೆ ತಟ್ಟಿದರು. ಆಮೇಲೆ ಬ್ರೇಕಿನ ಲಿವರ್ ಹಿಡಿದು ಕಣ್ಣು ಮುಚ್ಚಿ ಎರಡು ಸಲ ಹಿಂಡಿದರು.

"ಸ್ಪಂಜು" ಎಂದರು.

"ಎಂತ ಸ್ಪಂಜು ಮಾವ? ಒಂಬತ್ತು ದಿನ ಓಡ್ಸಿದೀನಿ. ಚೆನ್ನಾಗೇ ಹಿಡೀತದೆ."

"ಹಿಡಿಯೋದು ಬೇರೆ, ನಿಲ್ಸೋದು ಬೇರೆ. ಒಳಗೆ ಗಾಳಿ ಹೊಕ್ಕಿದೆ. ಇಟ್ಟು ಹೋಗು. ಐದು ನಿಮಿಷದ ಕೆಲಸ ಮಾರಾಯ್ತಿ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ನಾನು ಹನ್ನೊಂದು ತಿಂಗಳಲ್ಲಿ ಕಡಿಮೆಯೆಂದರೂ ನೂರು ಸಲ ಕೇಳಿಸಿಕೊಂಡಿದ್ದೇನೆ. ಈ ಬ್ರೇಕಿಗೆ ತಂತಿ ಇರುವುದಿಲ್ಲ. ಸಣ್ಣ ನಳಿಗೆಯ ತುಂಬ ಎಣ್ಣೆ ಇರುತ್ತದೆ. ಲಿವರ್ ಹಿಂಡಿದರೆ ಎಣ್ಣೆ ಒತ್ತುತ್ತದೆ, ಎಣ್ಣೆ ಒತ್ತಿದರೆ ಚಕ್ರದ ಹತ್ತಿರ ಎರಡು ಬಿಲ್ಲೆಗಳು ಉಕ್ಕಿನ ತಟ್ಟೆಯನ್ನು ಕಚ್ಚಿಕೊಳ್ಳುತ್ತವೆ. ಎಣ್ಣೆಯೊಳಗೆ ಗಾಳಿ ಸೇರಿದರೆ ಲಿವರ್ ಮೆತ್ತಗಾಗಿ ಹಿಡಿಕೆಯವರೆಗೂ ಬಂದುಬಿಡುತ್ತದೆ. ಕೆಳಗಿನಿಂದ ಸಿರಿಂಜಿನಲ್ಲಿ ಹೊಸ ಎಣ್ಣೆ ಒತ್ತಿದರೆ ಗಾಳಿಯ ಗುಳ್ಳೆಗಳು ಮೇಲಿನ ಬಾಯಿಯಿಂದ ಹೊರಗೆ ಬರುತ್ತವೆ. ಇದಕ್ಕೆ ಏರ್ ತೆಗೆಯೋದು ಅನ್ನುತ್ತಾರೆ. ಕೆಲಸ ಬಲ್ಲವರಿಗೆ ಅರ್ಧ ಗಂಟೆ. ಹೊಸಬರಿಗೆ ಒಂದು ಬೆಳಗ್ಗೆ. ನಮ್ಮ ಮಾವನಿಗೆ, ಮುಂದೆ ಓದಿ.

ನಾನು ಬಸ್ಸಿನಲ್ಲಿ ಮನೆಗೆ ಬಂದೆ.

ಮಾರನೆಯ ದಿನ ಮಾವ ಅಂಗಡಿಗೇ ಬಂದು ಮೊಬೈಲಿನಿಂದ ಬ್ರೇಕಿನ ಪುಸ್ತಕ ಪ್ರಿಂಟ್ ಮಾಡಿಸಿಕೊಂಡರು. ನೂರಾರು ಪುಟ. ಅರ್ಧ ಇಂಗ್ಲಿಷು, ಅರ್ಧ ಜರ್ಮನ್. ಜರ್ಮನ್ ಯಾಕೆ ಮಾವ ಅಂದರೆ "ಅದ್ರಲ್ಲಿ ಚಿತ್ರ ಸ್ಪಷ್ಟ ಇದೆ" ಎಂದರು. ನನ್ನದೇ ಕಾಗದ, ನನ್ನದೇ ಶಾಯಿ, ನನ್ನದೇ ಸೈಕಲ್ಲಿನ ಮರಣಶಾಸನ.

ಆ ಪುಸ್ತಕದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು, ಮಿನರಲ್ ಆಯಿಲ್ ಬಿಟ್ಟು ಬೇರೆ ಏನೂ ಹಾಕಬೇಡಿ ಎಂದು. ಮಾವ ಅದನ್ನು ಓದಿದರು, ಅಡಿಗೆರೆ ಎಳೆದರು, ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಾಕಿದರು. ಗಾಣದಲ್ಲಿ ಆಡಿಸಿದ ಶುದ್ಧ ಎಣ್ಣೆಯಂತೆ. ವಿದೇಶಿಯವರಿಗೆ ನಮ್ಮ ತೆಂಗಿನ ಗುಣ ಗೊತ್ತಿಲ್ಲವಂತೆ, ಗೊತ್ತಿದ್ದರೆ ಅದನ್ನೇ ಬರೆಯುತ್ತಿದ್ದರಂತೆ.

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಫೋನ್ ಬಂತು. "ಬಾ ಬಾ, ಲಿವರ್ ಕಲ್ಲಾಗಿದೆ. ಸ್ಪಂಜು ಹೋಯ್ತು."

ಮೊದಲ ಬಸ್ಸಿಗೆ ಓಡಿದೆ. ನಿಜ, ಲಿವರ್ ಕಲ್ಲಿನ ಹಾಗಿತ್ತು. ಎರಡು ಕೈಯಲ್ಲಿ ಹಿಂಡಿದರೂ ಅಲುಗಲಿಲ್ಲ. ಮಾವ ಶಾಲು ಹೊದ್ದುಕೊಂಡು, ಕಷ್ಟದ ಹೆರಿಗೆ ಮಾಡಿಸಿದ ಮುಖ ಮಾಡಿಕೊಂಡು ನಿಂತಿದ್ದರು. ನಾನು ಸೈಕಲ್ ಸ್ವಲ್ಪ ಮುಂದೆ ತಳ್ಳಿದೆ. ಸಲೀಸಾಗಿ ಹೋಯಿತು. ಲಿವರ್ ಹಿಂಡಿಕೊಂಡೇ ತಳ್ಳಿದೆ. ಆಗಲೂ ಸಲೀಸಾಗಿ ಹೋಯಿತು.

"ಮಾವ, ಚಕ್ರ ತಿರುಗ್ತಿದೆ."

"ತಿರುಗ್ಲಿ. ನೀನು ಲಿವರ್ ನೋಡು."

ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೊಬ್ಬರಿ ಎಣ್ಣೆ ಬಾಟಲಿ ತಂದರು. ಮುಚ್ಚಳ ತೆಗೆದು ಬಾಟಲಿಯನ್ನು ಮಾವನ ಅಂಗೈ ಮೇಲೆ ತಲೆಕೆಳಗು ಹಿಡಿದರು. ಚಳಿಗೆ ಎಣ್ಣೆಯೆಲ್ಲ ಗಟ್ಟಿಯಾಗಿ ಬೆಣ್ಣೆಯಂತಾಗಿತ್ತು, ಒಂದು ತೊಟ್ಟೂ ಬೀಳಲಿಲ್ಲ. ಮಾವ ಬಾಟಲಿ ನೋಡಿದರು, ಲಿವರ್ ನೋಡಿದರು, ಆಕಾಶ ನೋಡಿದರು.

"ಹನ್ನೊಂದು ಗಂಟೆ ಬಿಸಿಲಿಗೆ ಸರಿಯಾಗ್ತದೆ" ಎಂದರು.

ಹನ್ನೊಂದು ಗಂಟೆಯ ಮೇಲೆ ಕೆಲಸಕ್ಕೆ ಹಾಜರಾಗುವ ಬ್ರೇಕು! ನಾನು ಅಂಗಡಿ ಬಾಗಿಲು ತೆಗೆಯುವುದು ಒಂಬತ್ತಕ್ಕೆ.

ಆ ಎಣ್ಣೆ ತೊಳೆಯುವುದಕ್ಕೆ ಒಂದು ತಿಂಗಳಾಯಿತು. ಅಷ್ಟರಲ್ಲಿ ಮಾವನಿಗೆ ಯಾರೋ, ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಕೂಡ ಒಂದು ಜಾತಿಯ ಮಿನರಲ್ ಆಯಿಲ್ಲೇ ಎಂದು ಹೇಳಿದರು. ಮಾವ ಕೊಪ್ಪಕ್ಕೆ ಹೋಗಿ ಒಟ್ಟಿಗೆ ಆರು ಬಾಟಲಿ ಕೇಳಿದರು. ಆ ಔಷಧಿಯನ್ನು ನಮ್ಮ ಕಡೆ ಜನ ಒಂದೇ ಒಂದು ಕಾರಣಕ್ಕೆ ಕೊಳ್ಳುತ್ತಾರೆ, ಹೊಟ್ಟೆ ಕಟ್ಟಿದಾಗ. ಅಂಗಡಿಯವರು ಗಾಬರಿಯಾಗಿ ದನಿ ತಗ್ಗಿಸಿ, "ಆರು ಬೇಡ ಕಾಂಪೌಂಡ್ರೇ, ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಎಂದರಂತೆ.

"ನಂಗಲ್ಲ ಮಾರಾಯ್ರೇ, ಸೈಕಲ್ಲಿಗೆ" ಎಂದರಂತೆ ಮಾವ.

ನಿಜವನ್ನು ಇದಕ್ಕಿಂತ ಕೆಟ್ಟ ಸುಳ್ಳಿನ ಹಾಗೆ ಯಾರಾದರೂ ಹೇಳಲು ಸಾಧ್ಯವೇ? ಒಂದೇ ವಾರದಲ್ಲಿ ಸುದ್ದಿ ಬಳಗಕ್ಕೆಲ್ಲ ಹಬ್ಬಿತು. ಮುತ್ತಿನಕೊಪ್ಪದ ನೆಂಟರು ಬಸ್ಸಿನಲ್ಲಿ ಒಂದು ಚೀಲ ಪಪ್ಪಾಯಿ ಕಳಿಸಿದರು. ಸತ್ಯನಾರಾಯಣ ಪೂಜೆಯ ಊಟದಲ್ಲಿ ಬಡಿಸುವವರು ಯಾರಿಗೂ ಹೇಳದೆ ಮಾವನ ಎಲೆಗೆ ನಾಲ್ಕು ಬಾಳೆಹಣ್ಣು ಇಟ್ಟು ಹೋದರು. ಕೈತೊಳೆಯುವ ಜಾಗದಲ್ಲಿ ಮುದುಕಿಯೊಬ್ಬರು ಅತ್ತೆಯ ಕೈ ಹಿಡಿದುಕೊಂಡು "ಈಗ ಹೇಗಿದೆ ಅವರಿಗೆ?" ಎಂದು ಕೇಳಿದರು. ಕಳಿಸಿದ್ದನ್ನು ಹಾಳು ಮಾಡಬಾರದೆಂದು ಮಾವ ಅಷ್ಟೂ ಪಪ್ಪಾಯಿ ತಿಂದರು. ಆಮೇಲೆ ಅದೇ ಔಷಧಿ ಅಂಗಡಿಗೆ ಹೋಗಿ, ನಿಲ್ಲುವುದಕ್ಕೆ ಮಾತ್ರೆ ತರಬೇಕಾಯಿತು.

ಬ್ರೇಕಿಗೆ ಆ ಪ್ಯಾರಾಫಿನ್ನೂ ಒಗ್ಗಲಿಲ್ಲ. ನನಗೆ ಸಾಕಾಗಿಹೋಯಿತು. ಮೊಬೈಲಿನಲ್ಲಿ ಹುಡುಕಿ ಆ ಬ್ರೇಕಿನದೇ ಎಣ್ಣೆ, ಅದರದೇ ಪುಟ್ಟ ಸಿರಿಂಜು, ಅದರದೇ ನಳಿಗೆ ಎಲ್ಲ ತರಿಸಿ ಅವರ ಮುಂದಿಟ್ಟೆ. ಮಾವ ಆ ಸಿರಿಂಜನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೆಂತದ್ದೇ, ಕೋಳಿಗೆ ಚುಚ್ಚೋದಾ?" ಎಂದರು. ಬೀರುವಿನಿಂದ ತಮ್ಮ ದನದ ಸಿರಿಂಜು ತೆಗೆದರು. ನನ್ನ ಮೊಣಕೈ ಉದ್ದ ಇತ್ತು ಅದು. ಎಣ್ಣೆ ತುಂಬಿ, ಎಮ್ಮೆಯ ತೊಡೆಗೆ ಒತ್ತುವ ಜೋರಿನಲ್ಲೇ ಒತ್ತಿದರು. ನಳಿಗೆ ಟಪ್ ಎಂದು ಹಾರಿತು. ಎಣ್ಣೆ ಚಕ್ರಕ್ಕೆ ಎರಚಿತು, ಗೋಡೆಯ ಕ್ಯಾಲೆಂಡರಿಗೆ ಎರಚಿತು, ಅತ್ತೆ ಆಗಷ್ಟೇ ಹಾಕಿದ್ದ ರಂಗೋಲಿಗೆ ಎರಚಿತು.

ಚಕ್ರ ಹಿಡಿಯುವ ಬಿಲ್ಲೆಗಳೂ ಎಣ್ಣೆ ಕುಡಿದವು. ಅವತ್ತಿನಿಂದ ಬ್ರೇಕ್ ಹಿಡಿದರೆ ಹಂದಿ ಹಿಡಿದ ಹಾಗೆ ಕಿರುಚತೊಡಗಿತು. ಬಿಲ್ಲೆಗಳನ್ನು ಬಿಸಿ ಮಾಡಿದರೆ ಎಣ್ಣೆ ಬಿಡುತ್ತದೆ ಎಂದು ಯಾವುದೋ ವಿಡಿಯೋದವನು ಹೇಳಿದನಂತೆ. ಯಾವುದರ ಮೇಲೆ ಬಿಸಿ ಮಾಡಬೇಕು ಎಂದು ಅವನು ಹೇಳಿರಲಿಲ್ಲ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ಮಾವ ಅವರ ದೋಸೆ ಕಾವಲಿ ಒಲೆಗಿಟ್ಟರು. ಅತ್ತೆಯ ತವರಿನಿಂದ ಬಂದ ಕಬ್ಬಿಣದ ಕಾವಲಿ ಅದು, ಮೂವತ್ತು ವರ್ಷ ಪಳಗಿದ್ದು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಮಾವ ಅದರ ಮೇಲೆ ನಾಲ್ಕು ಬಿಲ್ಲೆ ಇಟ್ಟು, ಹೊಗೆ ಬರುವವರೆಗೆ ಹುರಿದು, ಚಿಮ್ಮಟದಲ್ಲಿ ಮಗುಚಿ ಹಾಕಿದರು. ಸಂಜೆ ಹೊಯ್ದ ದೋಸೆಗೆ ಬಸ್‌ಸ್ಟ್ಯಾಂಡಿನ ವಾಸನೆ ಇತ್ತು. ಅತ್ತೆಗೆ ಒಂದೇ ತುತ್ತಿಗೆ ಎಲ್ಲ ಅರ್ಥವಾಯಿತು. ಅಲ್ಲಿಂದ ಎರಡು ತಿಂಗಳು ಆ ಮನೆಯಲ್ಲಿ ಬೆಳಗ್ಗೆ ಬರೀ ಉಪ್ಪಿಟ್ಟು.

"ದೋಸೆ ಬೇಕಾದ್ರೆ ಆ ಸೈಕಲ್ ಮೇಲೆ ಹೊಯ್ಕೊಳಿ" ಎಂದರು ಅತ್ತೆ.

ಬಿಲ್ಲೆಯನ್ನೂ ನಾನೇ ಹೊಸದು ತರಿಸಿಕೊಟ್ಟೆ. ಇನ್ನು ಉಳಿದದ್ದು ಗಾಳಿ ಒಂದೇ. ಗಾಳಿ ಮೇಲಕ್ಕೆ ಹೋಗುತ್ತದಲ್ಲ, ಅದಕ್ಕೆ ಮಾವ ಸೈಕಲ್ಲಿನ ಮುಂದಿನ ಚಕ್ರ ಮೇಲೆ ಮಾಡಿ, ಜಗಲಿಯ ಕಂಬಕ್ಕೆ ದನದ ಹಗ್ಗದಲ್ಲಿ ಕಟ್ಟಿ ಹಾಕಿದರು. ದಿನಾ ಬೆಳಗ್ಗೆ ಸ್ಕ್ರೂಡ್ರೈವರಿನ ಹಿಡಿಯಿಂದ ನಳಿಗೆಯ ಉದ್ದಕ್ಕೂ ಟಕ್ ಟಕ್ ತಟ್ಟುವುದು, ಹಳೆಯ ಸ್ಟೆತಾಸ್ಕೋಪ್ ಇಟ್ಟು ಆಲಿಸುವುದು, ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುವುದು. ಒಂದು ದಿನ ತೆಗೆದು ಓದಿದೆ. "ಹಿಂದಿನದು: ಗುಳ್ಳೆ ಎರಡು, ಸಾಸಿವೆ ಗಾತ್ರ. ಮುಂದಿನದು: ನಿನ್ನೆಗಿಂತ ವಾಸಿ." ನಾನು ಅಂಗಡಿ ಮುಚ್ಚಿ ಬಸ್ಸಿಗೆ ಕಾಯುತ್ತ ಮಂಡಿ ಹಿಡಿದುಕೊಂಡು ನಿಂತಿರುತ್ತಿದ್ದೆ, ಇಲ್ಲಿ ಸೈಕಲ್ಲಿಗೆ ದಿನಾ ರೌಂಡ್ಸ್ ನಡೆಯುತ್ತಿತ್ತು. ರಸ್ತೆಯಲ್ಲಿ ಹೋಗುವವರೊಬ್ಬರು ಹಗ್ಗ ನೋಡಿ, "ಕಾಂಪೌಂಡ್ರೇ, ಹೊತ್ತಿಗೆ ಎಷ್ಟು ಲೀಟರ್ ಕೊಡ್ತದೆ?" ಎಂದು ಕೇಳಿ ನಕ್ಕರು. ಮಾವ ತಲೆ ಎತ್ತದೆ, "ಸುಮ್ನಿರಿ ಸ್ವಲ್ಪ, ಕೇಳ್ತಿಲ್ಲ" ಎಂದರು.

ಹೀಗೆ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಡಾಕ್ಟರು ಮತ್ತೆ ನನ್ನ ಮಂಡಿ ಒತ್ತಿ "ಸೈಕಲ್ ತುಳೀತಿದೀರಾ?" ಎಂದರು. ಬ್ರೇಕ್ ರಿಪೇರಿಗೆ ಕೊಟ್ಟಿದ್ದೇನೆ ಎಂದೆ. "ಯಾವಾಗ?" ಎಂದರು. ಹೇಳಿದೆ. ಅವರು ನನ್ನ ಮಂಡಿ ಬಿಟ್ಟು ಮುಖ ನೋಡಿದರು.

ಅಕ್ಟೋಬರಿನಲ್ಲಿ ಪಕ್ಕದ ಮನೆಯ ಜೀಪ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಒಬ್ಬರು ಜಗಲಿಗೆ ಬಂದು ನನ್ನ ಸೈಕಲ್ಲಿನ ಎರಡೂ ಬ್ರೇಕ್ ಹಿಂಡಿ, "ಫಸ್ಟ್ ಕ್ಲಾಸ್ ಇದೆ" ಎಂದು ಹೇಳಿ ಹೋದರಂತೆ. ಇದನ್ನು ನನಗೆ ಫೋನ್ ಮಾಡಿ ಹೇಳಿದವರು ಅತ್ತೆ. ಅಂದರೆ ಬ್ರೇಕ್ ಸರಿಯಾಗಿದೆ. ಸರಿಯಾಗಿದ್ದರೂ ಮಾವ ಕೊಡುತ್ತಿಲ್ಲ. ಹೈಸ್ಕೂಲಿನಲ್ಲಿ ತಪ್ಪಿಸಿದ ಹಾಗೆ, ಮದುವೆಯಲ್ಲಿ ತಪ್ಪಿಸಿದ ಹಾಗೆ ಈಗಲೂ ತಪ್ಪಿಸುತ್ತಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರ ಬೆಳಗ್ಗೆ ಹೋಗಿ ಕಂಬದ ಮುಂದೆ ನಿಂತೆ.

"ಹಗ್ಗ ಬಿಚ್ಚಿ ಮಾವ."

"ಇನ್ನೊಂದೇ ಒಂದು ಗುಳ್ಳೆ ಇದೆ ಮಾರಾಯ್ತಿ. ಐದು ನಿಮಿಷ."

"ಮೆಕ್ಯಾನಿಕ್ ಸರಿ ಇದೆ ಅಂದ್ರಂತೆ."

"ಅವರಿಗೆ ಜೀಪ್ ಗೊತ್ತು. ಜೀಪಿಗೆ ನಾಲ್ಕು ಚಕ್ರ. ತನ್ನಷ್ಟಕ್ಕೆ ನಿಂತ್ಕೊಳ್ತದೆ. ಇದು ಹಾಗಲ್ಲ, ಇದ್ರ ಮೇಲೆ ಕೂರೋದು ನೀನು."

"ಇಷ್ಟು ನಿಗಾ ಅವತ್ತು ಇದ್ದಿದ್ರೆ ನನ್ನ ಗದ್ದಕ್ಕೆ ಹೊಲಿಗೆ ಬೀಳ್ತಿರ್ಲಿಲ್ಲ" ಎಂದುಬಿಟ್ಟೆ.

ಮಾವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಅದೇ ಹೊತ್ತಿಗೆ ಅತ್ತೆ ಕಾಫಿ ಲೋಟ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. "ಯಾವತ್ತು? ಪೇರಲೆ ಮರಕ್ಕೂ ಇವರಿಗೂ ಎಂತ ಸಂಬಂಧ?" ಎಂದರು.

ಇಷ್ಟು ಹೊತ್ತು ನಿಮಗೂ ನಾನು ಬಳಗದ ಕಥೆಯನ್ನೇ ಹೇಳಿದ್ದೇನೆ. ನಿಜ ಬೇರೆ ಇದೆ. ನಾನು ಪೇರಲೆ ಮರ ಹತ್ತಿರಲೇ ಇಲ್ಲ. ಆ ಬೇಸಿಗೆಯಲ್ಲಿ ಮಾವನಿಗೆ ಇಪ್ಪತ್ತಮೂರು ವರ್ಷ. ಅಜ್ಜನ ಕಪ್ಪು ಸೈಕಲ್ಲಿನ ಮುಂದಿನ ಅಡ್ಡಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು, ಮನೆ ಮುಂದಿನ ಇಳಿಜಾರಿನಲ್ಲಿ ಬಿಟ್ಟರು. ಅರ್ಧ ದಾರಿಯಲ್ಲಿ ನನಗೆ ಅವರ ಎದೆ ಢವಢವ ಅನ್ನುವುದು ಬೆನ್ನಿಗೆ ಗೊತ್ತಾಯಿತು. ಹಿಂದಿನ ದಿನ ಸರಿ ಮಾಡುತ್ತೇನೆಂದು ಬ್ರೇಕಿನ ರಬ್ಬರು ಬಿಚ್ಚಿದ್ದವರು ತಿರುಗಿ ಹಾಕುವುದನ್ನು ಮರೆತಿದ್ದರು. ಇಳಿಜಾರಿನ ಕೊನೆಗೆ ಮೋರಿ ಇದೆ. ಅದರ ಕಲ್ಲಿಗೆ ನನ್ನ ಗದ್ದ ಬಡಿಯಿತು. ಮಾವ ನನ್ನನ್ನು ಎತ್ತಿಕೊಂಡು ಮನೆಗೆ ಓಡಿದರು. ಅಜ್ಜ ಏನಾಯಿತು ಎಂದು ಕೂಗಿದಾಗ ಮಾವ "ಪೇರಲೆ ಮರದಿಂದ ಬಿದ್ಲು" ಎಂದರು. ಅಜ್ಜ ನನ್ನ ಕಡೆ ತಿರುಗಿ "ಹೌದನೇ?" ಎಂದು ಕೇಳಿದರು. ಮಾವನ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಹೂಂ ಅಂದೆ. ಅಲ್ಲಿಂದ ಇಲ್ಲಿಯವರೆಗೆ ಮೂವತ್ತೊಂಬತ್ತು ವರ್ಷ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಈಗ ಜಗಲಿಯಲ್ಲಿ ಮಾವನ ಮುಖ ಮತ್ತೆ ಹಾಗೇ ಆಗಿತ್ತು. ಅತ್ತೆ ಕಾಯುತ್ತಿದ್ದರು.

"ಏನಿಲ್ಲ ಅತ್ತೆ. ನಾನು ಮರ ಹತ್ತುವಾಗ ಮಾವ ಕೆಳಗೆ ನಿಂತು ನೋಡ್ಕೊಳ್ಬೇಕಿತ್ತು ಅಂದೆ" ಎಂದು ಹಳೆಯ ಸುಳ್ಳಿಗೇ ಇನ್ನೊಂದು ತೇಪೆ ಹಾಕಿದೆ.

"ಅವರಿಗೆ ಅವಾಗ ಯಾವ ಬುದ್ಧಿ ಇತ್ತು" ಎಂದು ಅತ್ತೆ ಲೋಟ ಇಟ್ಟು ಒಳಗೆ ಹೋದರು.

ಮಾವ ಕಾಫಿ ಮುಟ್ಟಲಿಲ್ಲ. ಹಗ್ಗದ ಗಂಟು ಬಿಚ್ಚಿದರು. ಸೈಕಲ್ ಇಳಿಸಿ, ಬಟ್ಟೆಯಲ್ಲಿ ಹಿಡಿಕೆ ಒರೆಸಿ, ಇಳಿಜಾರಿನ ತಲೆಯವರೆಗೆ ತಾವೇ ತಳ್ಳಿಕೊಂಡು ಬಂದು ನನ್ನ ಕೈಗೆ ಕೊಟ್ಟರು.

"ನಾನು ಮೋರಿ ಹತ್ರ ಹೋಗಿ ನಿಲ್ತೀನಿ. ಕೈ ಎತ್ತಿದ್ಮೇಲೆ ಬಿಡು. ಜೋರಾಗಿ ಹಿಂಡ್ಬೇಡ. ಒಂದೇ ಬೆರಳು ಸಾಕು."

ಹೋಗಿ ರಸ್ತೆಯ ನಟ್ಟನಡುವೆ ನಿಂತರು. "ಪಕ್ಕಕ್ಕೆ ನಿಲ್ಲಿ ಮಾವ" ಎಂದು ಕೂಗಿದೆ. "ಇಲ್ಲ, ನೀನು ಬಾ" ಎಂದು ಕೈ ಎತ್ತಿದರು.

ಬಿಟ್ಟೆ. ಏಳು ವರ್ಷಕ್ಕೆ ಕಂಡ ಇಳಿಜಾರು ಅದು, ಅಲ್ಲಿಂದ ಇಲ್ಲಿಗೆ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಗಾಳಿ ಕಿವಿಗೆ ಬಡಿಯಿತು, ಸೆರಗು ಪಟಪಟ ಅಂದಿತು, ಮೋರಿಯ ಕಲ್ಲು ಕಂಡಿತು, ಅದರ ಮುಂದೆ ಮಾವ ಕಂಡರು. ಒಂದೇ ಬೆರಳಿನಲ್ಲಿ ಹಿಂಡಿದೆ. ಸೈಕಲ್ ಕಿರುಚಲಿಲ್ಲ, ಜಾರಲಿಲ್ಲ. ಮಾವನಿಗೆ ಒಂದು ಮಾರು ದೂರದಲ್ಲಿ, ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಮೆತ್ತಗೆ ನಿಂತಿತು.

ಮಾವ ಕಣ್ಣು ಮುಚ್ಚಿಕೊಂಡಿದ್ದರು. ಎರಡೂ ಕೈ ಮುಂದೆ ಚಾಚಿದ್ದರು, ಬೀಳುವ ಮಗುವನ್ನು ಹಿಡಿದುಕೊಳ್ಳಲು ಚಾಚುವ ಹಾಗೆ. ಎಪ್ಪತ್ತು ಕಿಲೋ ತೂಗುವ ಹೆಂಗಸು ನಾನು, ಹಿಡಿದುಕೊಂಡಿದ್ದರೆ ಇಬ್ಬರೂ ಮೋರಿಯೊಳಗೆ ಇರುತ್ತಿದ್ದೆವು. ನಗು ಬರಬೇಕಿತ್ತು, ಬರಲಿಲ್ಲ. ಈ ಮನುಷ್ಯನನ್ನು ಹನ್ನೊಂದು ತಿಂಗಳಿಂದ ಎಷ್ಟು ಬೈದಿದ್ದೆ, ಎಷ್ಟು ಜನರ ಮುಂದೆ ಆಡಿಕೊಂಡಿದ್ದೆ.

"ಮಾವ, ನಿಂತಿದೆ" ಎಂದೆ.

ಅವರು ಕಣ್ಣು ತೆರೆದು ಮೊದಲು ಚಕ್ರ ನೋಡಿದರು, ಆಮೇಲೆ ನನ್ನ ಗದ್ದ ನೋಡಿದರು.

"ಆ ಪೇರಲೆ ಹಣ್ಣು ಒಳಗೆ ಕೆಂಪಗಿರ್ತಿತ್ತು. ನೆನಪಿದ್ಯನೇ?"

"ಇದೆ ಮಾವ."

"ಅಪ್ಪಯ್ಯ ಕಡಿಸೋವಾಗ ಕೊಡಲಿ ತಂದುಕೊಟ್ಟಿದ್ದು ನಾನೇ. ಮರಕ್ಕೆ ಬಾಯಿಲ್ಲ ನೋಡು. ನೀನೂ ಹೇಳ್ಲಿಲ್ಲ."

ಅವತ್ತು ನಾನು ಹೊಲಿಗೆ ಹಾಕಿಸಿಕೊಂಡು ಒಳಗೆ ಮಲಗಿದ್ದೆ. ಕೊಡಲಿಯ ವಿಷಯ ನನಗೆ ಗೊತ್ತಿರಲಿಲ್ಲ. ಸೈಕಲ್ ತಳ್ಳಿಕೊಂಡು ಇಬ್ಬರೂ ಏರು ಹತ್ತಿದೆವು. ಮಾವ ಬರಿಗೈಯಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದರು, ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಜೇಬಿಗೆ ಹಾಕಿದರು, ಒಮ್ಮೆ ಬೆನ್ನ ಹಿಂದೆ ಕಟ್ಟಿದರು. ನಾಳೆ ಬೆಳಗ್ಗೆ ಎದ್ದರೆ ಕಂಬದ ಹತ್ತಿರ ಅವರಿಗೆ ಏನೂ ಇರುವುದಿಲ್ಲ. ಮನೆ ಹತ್ತಿರ ಬಂದಾಗ ಮೆಲ್ಲಗೆ, "ಹೇಗಿತ್ತೇ? ಸ್ಪಂಜು ಅನ್ನಿಸ್ಲಿಲ್ಲ ಅಲ್ವಾ?" ಎಂದು ಕೇಳಿದರು.

"ಮುಂದಿನದ್ದು ಕಲ್ಲಿನ ಹಾಗಿದೆ ಮಾವ" ಎಂದೆ. "ಹಿಂದಿನದ್ದು ಮಾತ್ರ ಯಾಕೋ ಒಂಚೂರು ಮೆತ್ತಗಿದೆ. ಒಂದು ಗುಳ್ಳೆ ಇನ್ನೂ ಇರ್ಬೇಕು. ಇವತ್ತು ಇಟ್ಟು ಹೋಗ್ಲಾ?"

ಮಾವ ಆಗಲೇ ಹಗ್ಗಕ್ಕೆ ಕೈ ಹಾಕಿದ್ದರು. "ನಾನು ಹೇಳ್ಲಿಲ್ವಾ? ಐದು ನಿಮಿಷದ ಕೆಲಸ ಮಾರಾಯ್ತಿ, ಕಾಫಿ ಕುಡಿ" ಎಂದರು.

ಹಿಂದಿನ ಬ್ರೇಕಿನಲ್ಲಿ ಗುಳ್ಳೆ ಇರಲಿಲ್ಲ. ಮಾವನಿಗೋಸ್ಕರ ನಾನು ಹೇಳಿದ ಎರಡನೆಯ ಸುಳ್ಳು ಅದು.